ಬಾಗಿಲವರೆಗಿನ ಮರ್ಯಾದೆ

ದರ್ಜಿಗೂ ಪಕ್ಕದಂಗಡಿಯ ಕ್ಷೌರಿಕನಿಗೂ ಬೇರೆ ಬೇರೆ ಕೇಸು, ವಕೀಲರು ಮಾತ್ರ ಒಬ್ಬರೇ. ದರ್ಜಿ ಹೊರಟರೆ ವಕೀಲರು ಫೈಲಿನಿಂದ ತಲೆಯೆತ್ತುತ್ತಿರಲಿಲ್ಲ. ಕ್ಷೌರಿಕ ಹೊರಟರೆ ಎದ್ದು, ಹೆಗಲ ಮೇಲೆ ಕೈಯಿಟ್ಟು, ಬಾಗಿಲವರೆಗೆ ಬಿಟ್ಟುಬರುತ್ತಿದ್ದರು. ದರ್ಜಿಗೆ ಹೊಟ್ಟೆಯಲ್ಲಿ ಕೆಂಡ.

"ಅವನಿಗೇನು ಕೊಂಬು ಬಂದಿದೆಯಾ?" ಎಂದು ಮನೆಯಲ್ಲಿ ಹೆಂಡತಿಯ ಮೇಲೆ ಹರಿಹಾಯುತ್ತಿದ್ದ. ವಕೀಲರ ಕರಿಕೋಟಿನ ಹರಿದ ತೋಳನ್ನು ಪುಕ್ಕಟೆ ಹೊಲಿದುಕೊಟ್ಟ. ಊಹೂಂ, ಅವರು ಕುರ್ಚಿ ಬಿಟ್ಟು ಅಲ್ಲಾಡಲಿಲ್ಲ.

ಇವತ್ತು ಎದ್ದರು! ಹೆಗಲ ಮೇಲೆ ಕೈಯಿಟ್ಟು ಬಾಗಿಲವರೆಗೂ ಬಂದರು. ಹೊರಗೆ ಬೆಂಚಿನಲ್ಲಿದ್ದ ಕ್ಷೌರಿಕನ ಎದುರು ದರ್ಜಿ ಎದೆಯುಬ್ಬಿಸಿ ನಿಂತ.

ಕ್ಷೌರಿಕ ಸರಿದು ಜಾಗ ಕೊಟ್ಟ. "ಬಾ, ಕೂತ್ಕೋ ಅಣ್ಣಾ. ಕೇಸು ಸೋಲೋದು ಖಚಿತ ಅಂತ ಗೊತ್ತಾದ ದಿನದಿಂದಲೇ ನನ್ನನ್ನೂ ಹೀಗೆ ಬಾಗಿಲವರೆಗೆ ಬಿಡೋಕೆ ಶುರು ಮಾಡಿದ್ದು."