ಗಿರಣಿ ಸದ್ದಿನೊಳಗಿನ ಕೆಮ್ಮು

ಬೆಳಗಿನ ಐದೂವರೆ. ಭದ್ರಾವತಿಯ ಓಲ್ಡ್ ಟೌನ್‌ನಲ್ಲಿ ಕರಿಬಸಮ್ಮ ತಮ್ಮ ಹಿಟ್ಟಿನ ಗಿರಣಿಯ ಬಾಗಿಲು ತೆಗೆದು, ಕೈಮುಗಿದು, ಸ್ವಿಚ್ ಹಾಕುತ್ತಾರೆ. ಮೋಟಾರಿನ ಸದ್ದು ಏರುತ್ತಿದ್ದಂತೆ ಗೋಡೆ ಹಿಡಿದು ನಿಂತು ಕೆಮ್ಮತೊಡಗುತ್ತಾರೆ. ಖಾಲಿ ಗಿರಣಿ ಓಡಿದರೆ ಕಲ್ಲು ಸವೆಯುತ್ತದೆ, ಕರೆಂಟೂ ದಂಡ. ಆದರೂ ದಿನಾ ಐದು ನಿಮಿಷ ಓಡಿಸುತ್ತಾರೆ.

"ಮಿಷಿನ್ ಸದ್ದಲ್ಲೇ ಕೆಮ್ಕೊಂಬಿಡ್ತೀನಿ ಸಾರ್. ಆಮೇಲೆ ಗಿರಾಕಿಗಳ ಮುಂದೆ ಕೆಮ್ಮಂಗಿಲ್ಲ" ಎನ್ನುತ್ತಾರೆ ನಲವತ್ತೇಳರ ಈ ಹೆಂಗಸು.

ಗಂಡ ಹುಲಿಯಪ್ಪ ತೀರಿಕೊಂಡು ಹದಿನಾಲ್ಕು ವರ್ಷ. ಅಂದಿನಿಂದ ದಿನಕ್ಕೆ ಅರವತ್ತು ಡಬ್ಬಿ ರಾಗಿ, ಅಕ್ಕಿ, ಗೋಧಿ; ಶುಕ್ರವಾರ ಮೆಣಸಿನಕಾಯಿ. ಖಾರ ಬೀಸುವಾಗ ನಾವೆಲ್ಲ ಮೂಗಿಗೆ ಕರ್ಚೀಫು ಹಿಡಿದು ರಸ್ತೆಗೆ ಓಡುತ್ತೇವೆ. ಒಳಗೆ ಉಳಿಯುವವರು ಇವರೊಬ್ಬರೇ. ಹಿಟ್ಟಿನ ದೂಳಿನಿಂದ ಬಂದ ಉಬ್ಬಸ, ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳಿ ಎಂದು ಶಿವಮೊಗ್ಗದ ಡಾಕ್ಟರು ಹೇಳಿದ್ದಾರೆ. ಒಂದು ದಿನ ಕಟ್ಟಿಕೊಂಡಿದ್ದಕ್ಕೆ ಏನು ರೋಗ ಎಂದು ಎಲ್ಲರೂ ಕೇಳಿದರಂತೆ. ಬಿಚ್ಚಿಟ್ಟರು. ಊರಿನ ಕಬ್ಬಿಣದ ಫ್ಯಾಕ್ಟರಿಯವರು ಕೆಮ್ಮಿದರೆ ರಜೆಯಿದೆ, ಆಸ್ಪತ್ರೆಯಿದೆ. ಇಲ್ಲಿ ಮಾಲೀಕರೂ ಇವರೇ, ಆಳೂ ಇವರೇ. ರಜೆ ಕೇಳುವುದು ಯಾರನ್ನು?

ಫಜೀತಿಯಾಗುವುದು ಕರೆಂಟ್ ಹೋದಾಗ. ಸದ್ದು ನಿಂತರೆ ಕೆಮ್ಮಿಗೆ ಮರೆಯಿಲ್ಲ. ಹೋದ ವರ್ಷ, 2001ರ ಬೇಸಿಗೆಯಲ್ಲಿ ಹಾಗೇ ಆಯಿತು. ಸೆರಗನ್ನು ಬಾಯಿಗೊತ್ತಿಕೊಂಡರೂ ತಡೆಯಲಾಗಲಿಲ್ಲ, ಬಿಡದೆ ಕೆಮ್ಮಿದರು. ಸಾಲಿನಲ್ಲಿದ್ದವರೊಬ್ಬರು ಟಿ.ಬಿ. ಇರಬೇಕು ಎಂದು ಗೊಣಗಿ ರಾಗಿ ಡಬ್ಬಿ ಎತ್ತಿಕೊಂಡು ಹೊರಟರು. ಅವರ ಹಿಂದೆಯೇ ಉಳಿದವರೂ ಹೊರಟರು. ಎರಡು ತಿಂಗಳು ದಿನಕ್ಕೆ ಇಪ್ಪತ್ತು ಡಬ್ಬಿಯೂ ಬರಲಿಲ್ಲ. ಹೋದವರಲ್ಲಿ ಅರ್ಧ ಜನ ಇನ್ನೂ ವಾಪಸು ಬಂದಿಲ್ಲ.

ಮೊದಲು ಡಬ್ಬಿ ಎತ್ತಿದವನು ನಾನೇ. ಪತ್ರಿಕೆಯಲ್ಲಿ ಬರೆದು ಊರಿಗೆಲ್ಲ ತಿಳಿವಳಿಕೆ ಹೇಳುವ ದೊಡ್ಡ ಮನುಷ್ಯ! ವರ್ಷದಿಂದ ಬೇರೆ ಗಿರಣಿಗೆ ಹೋಗುತ್ತಿದ್ದೆ. ಅದು ಅಂಟುವ ಕಾಯಿಲೆಯಲ್ಲ ಎಂದು ಔಷಧಿ ಅಂಗಡಿಯ ಷಡಕ್ಷರಪ್ಪ ಮೊನ್ನೆ ಬೈದು ಹೇಳಿದ ಮೇಲೆ ಇಲ್ಲಿಗೆ ಬಂದಿದ್ದೇನೆ. ಇವರೆದುರು ನೋಟ್‌ಬುಕ್ ಹಿಡಿದು ಕೂರಲು ನಾಚಿಕೆಯಾಗುತ್ತಿದೆ.

ತಲೆ ತಗ್ಗಿಸಿಕೊಂಡೇ ಒಪ್ಪಿಕೊಳ್ಳುತ್ತೇನೆ. "ಗೊತ್ತು ಸಾರ್. ನಿಮ್ಮ ಡಬ್ಬಿ ಗುರುತು ಸಿಗಲ್ವಾ ನಂಗೆ?" ಎನ್ನುತ್ತಾರೆ. ಸಿಟ್ಟು ಮಾಡಿದ್ದರೆ ಎಷ್ಟೋ ವಾಸಿಯಿತ್ತು.

ಹೆಸರು ಬದಲಿಸಿ ಬರೆಯಲೇ ಎಂದು ಕೇಳುತ್ತೇನೆ. ಬೇಡ ಎನ್ನುತ್ತಾರೆ.

"ನನ್ನ ಹೆಸರೇ ಹಾಕಿ. ದಮ್ಮು ಹಿಟ್ಟಿಂದ ನಂಗೆ ಬಂದಿದ್ದು ಸಾರ್, ನನ್ನಿಂದ ಹಿಟ್ಟಿಗೆ ಹೋಗಲ್ಲ. ಅಷ್ಟು ಬರೀರಿ ಸಾಕು."