ಕಮಾನಿನ ಬದಲು ಶೌಚಾಲಯ

“ನಿಮ್ಮ ಯಜಮಾನ್ರನ್ನ ಕಳ್ಸಮ್ಮ, ಅವ್ರ ಹತ್ರ ಮಾತಾಡ್ತೀನಿ” ಎಂದರು ಹೊಸದಾಗಿ ವರ್ಗವಾಗಿ ಬಂದಿದ್ದ ಕಾರ್ಯದರ್ಶಿ.

ಅದು ತೊಂಬತ್ತರ ದಶಕದ ಕೊನೆಯಲ್ಲಿ, ಶಿವಮೊಗ್ಗ–ಭದ್ರಾವತಿ ರಸ್ತೆಯಲ್ಲಿರುವ ನಮ್ಮ ಪಂಚಾಯಿತಿಯ ಬಜೆಟ್ ಸಭೆ. ಊರ ಮುಂದೆ ಸ್ವಾಗತ ಕಮಾನು ಕಟ್ಟಿಸಲು ಎಲ್ಲರೂ ಒಪ್ಪಿಯಾಗಿತ್ತು. ಅದರ ಬದಲು ಬಸ್ ನಿಲ್ದಾಣದ ಹತ್ತಿರ ಹೆಂಗಸರಿಗೊಂದು ಶೌಚಾಲಯ ಕಟ್ಟಿಸಿ ಎಂದು ಸದಸ್ಯೆಯಾಗಿದ್ದ ನಾನು ಎದ್ದು ನಿಂತು ಕೇಳಿದ್ದೆ.

“ಅವ್ರು ತೀರ್ಕೊಂಡಿದಾರೆ ಸಾರ್. ನಾನೇ ಮಾತಾಡ್ಬೇಕು” ಎಂದೆ.

ಮೀಸಲಾತಿಯಲ್ಲಿ ಗೆದ್ದಿದ್ದ ಉಳಿದ ಹೆಂಗಸರ ಕಡೆ ನೋಡಿದೆ. ಪಕ್ಕದಲ್ಲೇ ಅವರವರ ಗಂಡಂದಿರು ಕೂತಿದ್ದರು. ಯಾರೂ ತಲೆ ಎತ್ತಲಿಲ್ಲ. ನಾನು ಮಾತ್ರ ಕೂರಲಿಲ್ಲ. ಕೊನೆಗೆ ಮುಜುಗರಕ್ಕೋ ಕನಿಕರಕ್ಕೋ, ಕಮಾನು ಬಿಟ್ಟು ಶೌಚಾಲಯಕ್ಕೆ ಒಪ್ಪಿದರು. ಸಭೆ ಮುಗಿದ ಮೇಲೆ ಯಾರೂ ನನ್ನ ಜೊತೆ ನಿಂತು ಟೀ ಕುಡಿಯಲಿಲ್ಲ.

ಮುಂದಿನ ವರ್ಷ ಶೌಚಾಲಯದ ಉದ್ಘಾಟನೆಯಾಯಿತು. ನನ್ನನ್ನು ಕರೆಯಲಿಲ್ಲ. ಒಂದು ಮಧ್ಯಾಹ್ನ ಒಬ್ಬಳೇ ನೋಡಲು ಹೋದೆ. ಭದ್ರಾವತಿ ಬಸ್ಸಿಗೆ ಕಾಯುತ್ತಿದ್ದ ಬಸುರಿ ಹೆಣ್ಣುಮಗಳೊಬ್ಬಳು ಒಳಗಿನಿಂದ ಬಂದಳು. ಬಾಗಿಲ ಬಳಿ ಸುಮ್ಮನೆ ನಿಂತಿದ್ದ ನನ್ನನ್ನು ಕಂಡು, “ಹೋಗಕ್ಕ, ಖಾಲಿ ಇದೆ. ನೀರೂ ಬರ್ತಿದೆ” ಎಂದು ನಕ್ಕು, ಬಸ್ಸು ಹತ್ತಿದಳು.

ನಾನು ಯಾರೆಂದು ಆಕೆಗೆ ಗೊತ್ತಿರಲಿಲ್ಲ, ನಾನೂ ಹೇಳಲಿಲ್ಲ. ಆಕೆ ನಕ್ಕಿದ್ದನ್ನು ಮನೆಗೆ ಬಂದು ಯಾರಿಗಾದರೂ ಹೇಳಬೇಕೆನಿಸಿತು, ಕೇಳಲು ಮನೆಯಲ್ಲಿ ಯಾರೂ ಇರಲಿಲ್ಲ. ಇಷ್ಟು ವರ್ಷಗಳ ಮೇಲೆ ನಿಮಗೆ ಹೇಳುತ್ತಿದ್ದೇನೆ.