ಬೆಂಚಿನ ಮೇಲೆ ಕುಳಿತಿದ್ದ ವೈನಿ

ಕಳೆದ ವಾರ ಮಗಳಿಗೆ ಲಸಿಕೆ ಹಾಕಿಸಲು ಹೋಗಿದ್ದೆವು. ನರ್ಸ್ ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಅವಳ ತೋಳು ಒರೆಸಿದಳು. ಸೂಜಿ ಚುಚ್ಚಿದಾಗ ಮಗಳು ಅತ್ತಳು. ನಾನು ಅವಳನ್ನು ಎತ್ತಿಕೊಂಡೇ ನಿಂತಿದ್ದೆ, ರಮಿಸಬೇಕೆಂಬುದು ತೋಚಲಿಲ್ಲ. ಆ ವಾಸನೆಗೆ ನಾಶಿಕ್‌ನ ಲ್ಯಾಬಿನ ಚಿಕ್ಕ ಕೋಣೆ ಕಣ್ಣ ಮುಂದೆ ಬಂದಿತ್ತು... ಹೆಂಡತಿ ಮಗುವನ್ನು ನನ್ನ ಕೈಯಿಂದ ತೆಗೆದುಕೊಂಡಳು.

ನಮ್ಮ ಕಡೆ ಅತ್ತಿಗೆಗೆ ವೈನಿ ಅನ್ನುತ್ತೇವೆ. ಮರಾಠಿಯವರು ವಹಿನಿ ಅನ್ನುತ್ತಾರೆ. ಸಂಭಾಜಿನಗರದ ಚಿಕಲಠಾಣಾದಲ್ಲಿದ್ದ ನಮ್ಮ ಸಣ್ಣ ಆಫೀಸಿನಲ್ಲಿ ನನಗಿಂತ ಹಿರಿಯ ಸಹೋದ್ಯೋಗಿಯೊಬ್ಬರಿದ್ದರು, ಎಲ್ಲರಿಗೂ ವಹಿನಿ, ನನಗೊಬ್ಬನಿಗೆ ವೈನಿ. ಅವರ ಊರು ಧಾರವಾಡ. ಬ್ಯಾಂಕಿನಲ್ಲಿದ್ದ ಗಂಡನಿಗೆ ವರ್ಗವಾದಾಗ ಜೊತೆಗೆ ಬಂದು, ನಮ್ಮಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದರು. ನಾನು ಕಲಬುರಗಿಯಲ್ಲಿ ಡಿಪ್ಲೊಮಾ ಮುಗಿಸಿ ಬಂದವನು. ಮೊದಲ ದಿನವೇ ನನ್ನ ಡಬ್ಬಿಯಲ್ಲಿ ಇಣುಕಿ ನೋಡಿ, "ಕಲಬುರ್ಗ್ಯಾಂವ ಆಗಿ ಚಪಾತಿ ತಿಂತಿ? ನಾಚ್ಕಿ ಬರೂದಿಲ್ಲೇನೋ ತಮ್ಮಾ?" ಅಂದಿದ್ದರು. ಆಮೇಲೆ ದಿನಾ ನನ್ನ ಪಾಲಿನ ರೊಟ್ಟಿಯನ್ನೂ ಅವರೇ ತರತೊಡಗಿದರು.

ನಾಶಿಕ್‌ನಲ್ಲಿ ರಕ್ತ ಮತ್ತಿತರ ಪರೀಕ್ಷೆಗಳನ್ನು ಮಾಡುವ ಒಂದು ಲ್ಯಾಬಿನ ವೆಬ್‌ಸೈಟ್ ನಮ್ಮ ಕೈಯಲ್ಲಿತ್ತು. ಸಂಭಾಜಿನಗರದಲ್ಲೂ ಅದರ ಶಾಖೆ ಇತ್ತು. ಜನ ತಮ್ಮ ಮೊಬೈಲಿನಲ್ಲೇ ರಿಪೋರ್ಟ್ ತೆರೆದು ನೋಡುತ್ತಿದ್ದರು. ಅದರ ಹಿಂದೆ ಒಂದೇ ಯಂತ್ರದಲ್ಲಿ ಎರಡು ಸರ್ವರ್, ಅಂದರೆ ಎರಡು ಪ್ರೋಗ್ರಾಂ, ಕೆಲಸ ಮಾಡುತ್ತಿದ್ದವು. ಹೊರಗಿನಿಂದ ಬಂದವರು ಮೊದಲು ಮುಟ್ಟುವುದು ವೆಬ್ ಸರ್ವರನ್ನು. ಅದು ಬಂದವರು ಯಾರೆಂದು ನೋಡಿ, ಕೇಳಿದ್ದನ್ನು ಹಿಂದಿರುವ ಅಪ್ಲಿಕೇಶನ್ ಸರ್ವರಿಗೆ ದಾಟಿಸುತ್ತದೆ. ರಿಪೋರ್ಟನ್ನು ಹುಡುಕಿ ಪುಟ ಕಟ್ಟಿಕೊಡುವುದು ಹಿಂದಿನದು. ಎರಡಕ್ಕೂ ಪರಿಚಯ ಮಾಡಿಸುವ ಕೆಲವು ಸಾಲುಗಳನ್ನು ಒಂದು ಫೈಲಿನಲ್ಲಿ ಬರೆದಿಡಬೇಕು. ಈ ಕೆಲಸ ನನಗೆ ಕಲಿಸಿದ್ದು ವೈನಿ.

ಅವರದೊಂದು ಪದ್ಧತಿ ಇತ್ತು. ಹಿಂದಿನ ಸರ್ವರಿಗೆ ಹೊರಗಿನವರು ನೇರವಾಗಿ ಬರಕೂಡದು. ವಿಳಾಸದ ಕೊನೆಗೆ ಒಂದು ಸಂಖ್ಯೆ ಸೇರಿಸಿದರೆ ಅದನ್ನು ನೇರವಾಗಿ ತಲುಪಬಹುದು. ಅವಸರ ಬಿದ್ದಾಗ ಬೇರೆ ಕಡೆ ಎಲ್ಲರೂ ಹಾಗೇ ಮಾಡುತ್ತಿದ್ದರು. ಆದರೆ ಅಲ್ಲಿ ಕಾವಲಿಲ್ಲ. ಒಂದು ಅಂಕಿ ಬದಲಿಸಿದರೆ ಇನ್ನೊಬ್ಬರ ರಿಪೋರ್ಟ್ ತೆರೆದುಕೊಳ್ಳುತ್ತದೆ. ವೈನಿ ಆ ದಾರಿಯನ್ನು ಮೊದಲೇ ಮುಚ್ಚಿಬಿಡುತ್ತಿದ್ದರು. ಹಿಂದಿನ ಸರ್ವರ್ ತಾನಿರುವ ಯಂತ್ರದ ಕರೆಗೆ ಮಾತ್ರ ಓಗೊಡಬೇಕು, ಅಷ್ಟೇ. "ನಿನ್ನ ಮದುವಿ ಫೋಟೋ ಅಲ್ಲ ತಮ್ಮಾ ಇವು, ಮಂದಿ ರಕ್ತದ ವಿಷಯ," ಅನ್ನುತ್ತಿದ್ದರು.

ಆ ದಿನ ನಾವಿಬ್ಬರೂ ನಾಶಿಕ್‌ಗೆ ಹೋಗಿದ್ದೆವು. ಲ್ಯಾಬಿನವರು ವೆಬ್‌ಸೈಟಿಗಾಗಿ ಇನ್ನೊಂದು ಹೊಸ ಕಂಪ್ಯೂಟರ್ ಯಂತ್ರ ತಂದಿದ್ದರು. ವೆಬ್ ಸರ್ವರ್ ಮಾತ್ರ ಅದಕ್ಕೆ ಹೋಗಬೇಕಿತ್ತು, ಹಿಂದಿನ ಸರ್ವರ್ ಹಳೆಯ ಯಂತ್ರದಲ್ಲೇ ಉಳಿಯಬೇಕಿತ್ತು. ರಕ್ತ ತೆಗೆಯುವ ಕೋಣೆಯ ಪಕ್ಕದಲ್ಲೇ ನಮಗೆ ಜಾಗ. ಗೋಡೆಯಾಚೆಯಿಂದ ಸ್ಪಿರಿಟ್ ವಾಸನೆ ಬರುತ್ತಿತ್ತು. ವೈನಿ ಹಿಂದಿನ ವಾರ ಇದೇ ಲ್ಯಾಬಿನ ಸಂಭಾಜಿನಗರದ ಶಾಖೆಯಲ್ಲಿ ತಮ್ಮ ಎದೆಯ ಗಂಟಿನ ಚೂರನ್ನು ಪರೀಕ್ಷೆಗೆ ಕೊಟ್ಟಿದ್ದರು. ಅದರ ರಿಪೋರ್ಟ್ ಆವತ್ತೇ ಬರುವುದಿತ್ತು. ಅದನ್ನು ಬಸ್ಸಿನಲ್ಲಿ, ರೊಟ್ಟಿ ಖಾಲಿಯಾಗಿದೆ ಎನ್ನುವಷ್ಟೇ ಸಹಜವಾಗಿ ಹೇಳಿದ್ದರು.

ಹೊಸ ಯಂತ್ರ ಚಾಲೂ ಮಾಡಿದೆವು. ಯಾವ ರಿಪೋರ್ಟೂ ತೆರೆಯಲಿಲ್ಲ. ಹಿಂದಿನ ಸರ್ವರ್ ಸಿಗುತ್ತಿಲ್ಲ ಎಂಬ ಬಿಳಿ ಪುಟವೊಂದೇ ಬಂತು. ಪ್ರಿಂಟ್ ಕೊಡೋಣವೆಂದರೆ ಅದನ್ನೂ ಇದೇ ದಾರಿಯಿಂದ ತೆಗೆಯಬೇಕು. ಹೊರಗೆ ಬೆಂಚಿನ ಮೇಲೆ ಜನ ಕಾಯುತ್ತಿದ್ದರು. ಚಾಂದವಡ್‌ನಿಂದ ಬಂದ ಈರುಳ್ಳಿ ಬೆಳೆಯುವ ದಂಪತಿ ಬೆಳಗಿನಿಂದ ಅಲ್ಲೇ ಇದ್ದರು. ಲ್ಯಾಬಿನ ಮ್ಯಾನೇಜರ್ ಬಾಗಿಲಲ್ಲಿ ನಿಂತು, "ವಹಿನಿ, ಡೈರೆಕ್ಟ್ ಲಿಂಕ್ ದೇವೂನ್ ಟಾಕಾ ನಾ," ಅಂದರು. ನೇರ ವಿಳಾಸ ಕೊಟ್ಟುಬಿಡಿ ಎಂದು.

"ದೇಣಾರ್ ನಾಹೀ," ಅಂದರು ವೈನಿ. ಕೊಡುವುದಿಲ್ಲ. ತಲೆ ಕೂಡ ಎತ್ತಲಿಲ್ಲ.

ಮ್ಯಾನೇಜರ್ ಹೋದ ಮೇಲೆ ನಾನು ಮೆಲ್ಲಗೆ, "ವೈನಿ, ನಿಮ್ಮದು ಬಂದಿರಬೇಕ್ರಿ. ಹಳೇ ಮಷಿನ್ ಇಲ್ಲೇ ಐತಲ್ರಿ, ಅದರಾಗ ತಗದು ನೋಡ್ಲೇನ್ರಿ?" ಅಂದೆ.

"ಯಾಕ, ನಂಗೇನ ಎರಡು ಕೋಡು ಮೂಡ್ಯಾವೇನು? ಅವ್ರೆಲ್ಲಾ ಹೊರಗ ಬೆಂಚಿನ ಮ್ಯಾಲ ಕುಂತಾರಿಲ್ಲೋ? ನಂದೂ ಅವ್ರ ಜೋಡೀನ ಬರ್ಲಿ. ನೀ ಮೊದಲ ಫೈಲ್ ನೋಡು."

ಫೈಲ್ ನೋಡಿದೆವು. ಎರಡೂ ಸರ್ವರ್ ಒಂದೇ ಯಂತ್ರದಲ್ಲಿದ್ದಾಗ ಬರೆದ ಸಾಲು ಹಾಗೇ ಇತ್ತು. ಹಿಂದಿನದು ಎಲ್ಲಿದೆ ಎಂದರೆ 'ಇದೇ ಯಂತ್ರದಲ್ಲಿ' ಎಂಬ ಸಾಲು. ಪಕ್ಕದ ಮನೆಗೆ ಹೋದವರನ್ನು ವೆಬ್ ಸರ್ವರ್ ತನ್ನ ಮನೆಯಲ್ಲೇ ಹುಡುಕುತ್ತಿತ್ತು. ಹಳೆಯ ಯಂತ್ರದ ವಿಳಾಸ ಬರೆದೆ. ಆದರೂ ತೆರೆಯಲಿಲ್ಲ. ಹಿಂದಿನದು ಈಗಲೂ ತನ್ನ ಯಂತ್ರದ ಕರೆಗೆ ಮಾತ್ರ ಓಗೊಡುತ್ತಿತ್ತು. ಹೊರಗಿನ ಎಲ್ಲರಿಗೂ ಓಗೊಡು ಎಂದು ಬರೆದಿದ್ದರೆ ಒಂದೇ ಸಾಲಿನಲ್ಲಿ ಕೆಲಸ ಮುಗಿಯುತ್ತಿತ್ತು. ವೈನಿ ಹಾಗೆ ಬರೆಯಲಿಲ್ಲ. ಹೊಸ ಯಂತ್ರವೊಂದಕ್ಕೆ ಮಾತ್ರ ದಾರಿ ಬಿಟ್ಟು ಉಳಿದವರಿಗೆಲ್ಲ ಮುಚ್ಚಿದರು. ಬರೆದ ಪ್ರತಿ ಸಾಲನ್ನೂ ಬೆರಳಿಟ್ಟು ಓದಿದರು.

ಎರಡನ್ನೂ ಮತ್ತೆ ಚಾಲೂ ಮಾಡಿದಾಗ ಹೊರಗಿನಿಂದ "ಆಲಾ, ಆಲಾ!" ಎಂದು ಚಾಂದವಡ್‌ನ ಹೆಂಗಸಿನ ದನಿ ಕೇಳಿತು. ಅವರ ರಿಪೋರ್ಟ್ ಬಂದಿತ್ತು. ವೈನಿ ಎದ್ದು ಹೊರಗೆ ಹೋಗಿ ಆ ಹೆಂಗಸಿನ ಪಕ್ಕದಲ್ಲಿ ಕುಳಿತರು. ಎಲ್ಲರ ಹಾಗೆ ತಮ್ಮ ನಂಬರ್ ಹಾಕಿದರು, ಎಲ್ಲರ ಹಾಗೆ ಮೊಬೈಲಿಗೆ ಕೋಡ್ ಬರುವವರೆಗೆ ಕಾದರು. ಪುಟ ತೆರೆಯಿತು. ಕೆಳಗಿನವರೆಗೆ ಓದಿದರು. ಮತ್ತೆ ಮೇಲೆ ಹೋಗಿ ಇನ್ನೊಮ್ಮೆ ಓದಿದರು. ಆಮೇಲೆ ಮೊಬೈಲನ್ನು ಪರ್ಸಿನಲ್ಲಿಟ್ಟು ಒಳಗೆ ಬಂದರು.

"ಲಗೂನ ತೆರೀತದ ತಮ್ಮಾ. ಛಲೋ ಆತು," ಅಂದರು.

ವಾಪಸು ಬರುವಾಗ ಬಸ್ಸು ಯೇವಲಾ ದಾಟಿದ ಮೇಲೆ, ಕಿಟಕಿಯ ಕಡೆ ನೋಡುತ್ತಲೇ ಅವರೇ ಹೇಳಿದರು. "ಅದ ಅದ. ಕ್ಯಾನ್ಸರ್." ನಾನು "ಹೌದ್ರಿ?" ಅಂದೆ. ಅವರು ನನ್ನ ಕಡೆ ತಿರುಗಿ, "ಮನಿಯವ್ರಿಗೆ ನಾನ ಹೇಳ್ತೀನಿ. ನೀ ಫೋನ್ ಮಾಡಾಕ ಹೋಗಬ್ಯಾಡ," ಅಂದರು.

ಆಮೇಲೆ ಚಿಕಿತ್ಸೆ ಶುರುವಾಯಿತು. ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಕೆಲವು ತಿಂಗಳು ಆಫೀಸಿಗೆ ಬಂದರು. ನಡುವೆ ಬಿಟ್ಟರು, ಮತ್ತೆ ಬಂದರು. ಆಮೇಲೆ ಬರಲಿಲ್ಲ... ವೈನಿ ತೀರಿಕೊಂಡ ಮೇಲೆ ಅವರ ಗಂಡ ಹುಬ್ಬಳ್ಳಿಗೆ ವರ್ಗ ಮಾಡಿಸಿಕೊಂಡು ಹೋದರು. ಅವರು ಹೊರಟ ದಿನ ಮನೆಯ ಸಾಮಾನನ್ನು ಲಾರಿಗೆ ಏರಿಸಲು ನಾನೂ ಕೈ ಹಚ್ಚಿದ್ದೆ. ಅಳು ಬಂದಿರಲಿಲ್ಲ.

ಲಸಿಕೆ ಹಾಕಿಸಿದ ಮರುದಿನ ಆಫೀಸಿನಲ್ಲಿ ಲ್ಯಾಬಿನ ಹಳೆಯ ರಿಪೋರ್ಟುಗಳನ್ನು ಅಳಿಸುವ ಕೆಲಸವಿತ್ತು. ಅದು ನನ್ನ ಪಾಲಿಗೇ ಬಂತು. ಹಿಂದಿನ ಸರ್ವರಿಗೆ ನೇರವಾಗಿ ಇಳಿದು ಮಾಡಬೇಕಾದ ಕೆಲಸ. ಅಲ್ಲಿ ಕೋಡ್ ಕೇಳುವವರಿಲ್ಲ. ಅಳಿಸಬೇಕಾದವುಗಳಲ್ಲಿ ವೈನಿಯದೂ ಇತ್ತು. ಬೆಂಚಿನ ಮೇಲೆ ಕುಳಿತು ಎರಡು ಸಲ ಅವರು ಓದಿದ್ದನ್ನು ನಾನೂ ಒಮ್ಮೆ ಓದಬಹುದಿತ್ತು. ತೆರೆಯಲಿಲ್ಲ. ಅಳಿಸಲೇ ಎಂದು ಪರದೆ ಕೇಳಿತು, ಹೌದು ಎಂದು ಒತ್ತಿದೆ. ಎಲ್ಲರದರ ಜೊತೆ ಅವರದೂ ಹೋಯಿತು.

ಪಕ್ಕದ ಮೇಜಿನ ಸಹೋದ್ಯೋಗಿ, "ಝಾಲಂ ಕಾ?" ಅಂದ. ಮುಗಿಯಿತೇ ಎಂದು.

"ಝಾಲಂ," ಅಂದೆ. ಅವನು ಕೆಲಸಕ್ಕೆ ಸೇರುವ ಹೊತ್ತಿಗೆ ವೈನಿ ಇರಲಿಲ್ಲ.